ಕನ್ನಡಕ ಬಂದರೆ ಫೋನ್ ಹೋಗುತ್ತದಾ?

ಎಆರ್ ಕನ್ನಡಕ (ಕಣ್ಣೆದುರಿನ ನೋಟದ ಮೇಲೇ ಅಕ್ಷರ, ಚಿತ್ರ ತೋರಿಸುವ ಕನ್ನಡಕ) ಬಂದ ಮೇಲೆ ಸ್ಮಾರ್ಟ್‌ಫೋನ್ ಕಥೆ ಮುಗೀತಾ, ಈಗ ಹೊಸ ಫೋನ್ ತಗೊಂಡರೆ ದುಡ್ಡು ದಂಡವಾ ಅಂತ ಕೇಳಿದ್ದೀರಿ. ಧೈರ್ಯವಾಗಿ ತಗೊಳ್ಳಿ. ಫೋನ್ ಹೋಗುವುದಿಲ್ಲ, ಕೈಯಿಂದ ಜೇಬಿಗೆ ಇಳಿಯುತ್ತದೆ ಅಷ್ಟೆ.

ನಾನು ಮೂಡಿಗೆರೆ ಹತ್ತಿರ ಕಾಫಿ ತೋಟ ನೋಡಿಕೊಳ್ಳುತ್ತೇನೆ. ಸೆಪ್ಟೆಂಬರ್‌ನಲ್ಲಿ ಬೋರರ್, ಅಂದರೆ ಕಾಂಡ ಕೊರೆಯುವ ಹುಳು, ಹುಡುಕುವ ಕೆಲಸ. ಅರೇಬಿಕಾ ಗಿಡ ಹಳದಿಯಾಗಿ ಬಾಡಿದ ಹಾಗೆ ಕಂಡರೆ ಬಗ್ಗಿ, ರೆಂಬೆ ಸರಿಸಿ, ಕಾಂಡದ ಮೇಲೆ ಉಬ್ಬಿದ ಗೆರೆ ಇದೆಯಾ ಅಂತ ನೋಡಬೇಕು. ಇದ್ದರೆ ಗಿಡ ಕಿತ್ತು ಸುಡಬೇಕು. ಫೋಟೊ ತೆಗೆದು ಎಷ್ಟನೇ ಸಾಲು ಅಂತ ಬರೆದಿಟ್ಟರೆ ಒಳ್ಳೆಯದು. ಆದರೆ ಮಳೆ ಬಿಟ್ಟಿರುವುದಿಲ್ಲ. ಪ್ಲಾಸ್ಟಿಕ್ ಕವರಿನಿಂದ ಫೋನ್ ತೆಗೆದು, ಬೆರಳನ್ನು ಅಂಗಿಯ ಒಳಮೈಗೆ ಒರೆಸಿ ಮುಟ್ಟಿದರೂ ಸ್ಕ್ರೀನ್ ಮಾತು ಕೇಳಲ್ಲ. ಒಂದು ಹನಿ ಬಿದ್ದರೆ ಇನ್ನೇನೋ ಓಪನ್ ಆಗುತ್ತದೆ. ಎರಡೂ ಕೈ ಕೆಲಸದಲ್ಲಿರುವವರಿಗೆ ಕನ್ನಡಕ ಯಾಕೆ ಬೇಕು ಅಂತ ನನಗೆ ಅರ್ಥವಾಗಿದ್ದು ಅಲ್ಲೇ.

ಹಾಗಾದರೆ ಫೋನ್ ಯಾಕೆ ಉಳಿಯುತ್ತದೆ? ಭಾರ ಮತ್ತು ಬಿಸಿಯಿಂದ. ಮೂಗಿನ ಮೇಲೆ ಕೂರುವ ವಸ್ತುವಿನಲ್ಲಿ ದೊಡ್ಡ ಬ್ಯಾಟರಿ ಇಡಲಾಗದು, ಚಿಪ್ ಬಿಸಿಯಾದರೆ ಹಣೆಯ ಪಕ್ಕಕ್ಕೇ ತಾಗುತ್ತದೆ. ಆಪಲ್ 2024ರಲ್ಲಿ ತಂದ, ತಲೆಗೆ ಕಟ್ಟಿಕೊಳ್ಳುವ ವಿಷನ್ ಪ್ರೋ 600 ಗ್ರಾಂ ಮೇಲಿದೆ, ಅದರ ಬ್ಯಾಟರಿಯನ್ನೂ ವೈರ್ ಹಾಕಿ ಜೇಬಿನಲ್ಲಿಡಬೇಕು. ಅದೇ ವರ್ಷ ಫೇಸ್‌ಬುಕ್‌ನ ಮೆಟಾ ಕಂಪನಿ ತೋರಿಸಿದ ಒರಾಯನ್ ಕನ್ನಡಕದ ಮಾದರಿ 100 ಗ್ರಾಂ ಒಳಗಿತ್ತು, ಆದರೆ ಲೆಕ್ಕಾಚಾರದ ಕೆಲಸ ಜಾಸ್ತಿ ಮಾಡುತ್ತಿದ್ದುದು ಜೊತೆಗಿದ್ದ ಬೇರೆ ಡಬ್ಬಿ. 2025ರ ಮೆಟಾ ರೇಬಾನ್ ಡಿಸ್‌ಪ್ಲೇ 69 ಗ್ರಾಂ. ಬಲಗಡೆ ಗಾಜಿನಲ್ಲಿ ಮಾತ್ರ ಪುಟ್ಟ ಪರದೆ. ಬೆರಳು ಆಡಿಸಿದರೆ ಜೊತೆಗೆ ಬರುವ ಮಣಿಕಟ್ಟಿನ ಪಟ್ಟಿ ಸ್ನಾಯುವಿನ ಸೂಕ್ಷ್ಮ ವಿದ್ಯುತ್ತಿನಿಂದಲೇ ತಿಳಿದುಕೊಳ್ಳುತ್ತದೆ, ಏನನ್ನೂ ಮುಟ್ಟಬೇಕಿಲ್ಲ. ನನಗೆ ತುಂಬ ಹಿಡಿಸಿದ್ದು ಇದು. ಆದರೆ ಅದಕ್ಕೂ ಫೋನಿನ ಜೋಡಿ ಬೇಕು.

ಹಾಗಾಗಿ ಮುಂದಿನ ಫೋನಿನಲ್ಲಿ ಸ್ಕ್ರೀನಿಗಿಂತ ಬ್ಯಾಟರಿ, ಚಿಪ್ ಮುಖ್ಯವಾಗುತ್ತವೆ ಅಂತ ನನ್ನ ನಂಬಿಕೆ. ನಮ್ಮ ಹಳ್ಳದ ಕಡೆ ಟವರ್ ಒಂದು ಕಡ್ಡಿಯೂ ಸಿಗಲ್ಲ. "ನಾಲ್ಕನೇ ಸಾಲು, ಬೋರರ್" ಅಂತ ಹೇಳಿದ್ದನ್ನು ಇಂಟರ್ನೆಟ್ ಇಲ್ಲದೆ, ಕನ್ನಡದಲ್ಲೇ, ಜೇಬಿನ ಫೋನ್ ಬರೆದುಕೊಳ್ಳಬೇಕು. ನಾನು ಕಾಯುತ್ತಿರುವುದು ಅದಕ್ಕೆ.

ಅಂಜಿಕೆ ಕ್ಯಾಮೆರಾದ್ದು. ಫೋನ್ ಎತ್ತಿ ಹಿಡಿದರೆ ಎದುರಿನವರಿಗೆ ಗೊತ್ತಾಗುತ್ತದೆ. ಕನ್ನಡಕದಲ್ಲಿ ರೆಕಾರ್ಡ್ ಆಗುವಾಗ ಚಿಕ್ಕ ದೀಪ ಹೊತ್ತಿಕೊಳ್ಳುತ್ತದೆ ನಿಜ, ಅದರ ಅರ್ಥ ತೋಟಕ್ಕೆ ಬರುವ ಹೆಂಗಸರಿಗೆ ಯಾರು ಹೇಳಿದ್ದಾರೆ? ನಾನು ಕನ್ನಡಕ ತಂದ ದಿನ ಮೊದಲು ಅವರ ಕೈಗೇ ಕೊಟ್ಟು, ದೀಪ ತೋರಿಸಿ, ಆಮೇಲೆ ಹಾಕಿಕೊಳ್ಳುತ್ತೇನೆ.