ಆಲ್‌ಇನ್ ಆದವರಿಗೆ ಪೂರ್ತಿ ಪಾಟ್ ಸಿಗಲ್ಲ

ಪೋಕರ್ ಆಟದಲ್ಲಿ 200 ಚಿಪ್ಸ್‌ಗೆ (ಪಣದ ಬಿಲ್ಲೆ) ಆಲ್‌ಇನ್ ಆದವರು, ಅಂದರೆ ತಮ್ಮ ಹತ್ತಿರ ಇದ್ದದ್ದೆಲ್ಲ ಪಣಕ್ಕಿಟ್ಟವರು, ಗೆದ್ದು, ಉಳಿದಿಬ್ಬರು ಇಟ್ಟಿದ್ದ 500-500ನ್ನೂ ಬಾಚಿಕೊಂಡಿದ್ದು ಸರೀನಾ ಅಂತ ಕೇಳಿದ್ದೀರಿ. ಸರಿಯಲ್ಲ. ಪಾಟ್ ಅಂದರೆ ಪಣದ ಗುಡ್ಡೆ. ಸೈಡ್ ಪಾಟ್ (ಆಲ್‌ಇನ್ ಆದವರಿಗೆ ಪಾಲಿಲ್ಲದ ಗುಡ್ಡೆ) ಬೇರೆ ಮಾಡದೆ ಎಲ್ಲವನ್ನೂ ಒಂದೇ ಗುಡ್ಡೆ ಹಾಕಿದ್ದೇ ಜಗಳಕ್ಕೆ ಕಾರಣ ಅನಿಸುತ್ತದೆ.

ಮೊದಲು ಮೂವರಿಂದಲೂ 200ರಂತೆ ತೆಗೆದು ನಡುವೆ ಇಡಿ. ಈ 600 ಮುಖ್ಯ ಪಾಟ್. ಅದರ ಮೇಲೆ ಒಂದು ತಟ್ಟೆ ಮುಚ್ಚಿಬಿಡಿ, ನಾವು ಹಾಗೇ ಮಾಡುತ್ತೇವೆ. ಆಮೇಲೆ ಬರುವ ಚಿಪ್ಸ್ ಬೆರೆಯುವುದೇ ಇಲ್ಲ. ಉಳಿದ 300-300 ಪಕ್ಕಕ್ಕೆ, ಅದೇ ಸೈಡ್ ಪಾಟ್. ಅದು ಆ ಇಬ್ಬರ ನಡುವಿನದು ಮಾತ್ರ.

ಎಲೆ ತೋರಿಸುವಾಗ ಸೈಡ್ ಪಾಟ್ ಮೊದಲು. ಇಬ್ಬರಲ್ಲಿ ಯಾರ ಕೈ (ಎಲೆಗಳ ಜೋಡಣೆ) ದೊಡ್ಡದೋ ಅವರಿಗೆ ಕೊಡಿ. ಆಮೇಲೆ ಮೂವರದ್ದೂ ಹೋಲಿಸಿ ಮುಖ್ಯ ಪಾಟ್ ಕೊಡಿ. ಆಲ್‌ಇನ್ ಆದ ನಿಮ್ಮ ಗೆಳೆಯರಿಗೆ ಸಿಗಬೇಕಾದದ್ದು 600 ಅಷ್ಟೆ.

ನಡುವೆ ಬೇರೆ ಯಾರಾದರೂ ಫೋಲ್ಡ್ ಆಗಿದ್ದರಾ (ಎಲೆ ಬಿಟ್ಟು ಹೊರಗಾಗಿದ್ದರಾ) ಅಂತ ನೀವು ಬರೆದಿಲ್ಲ. ಆಗಿದ್ದರೆ ಅವರು ಇಟ್ಟಿದ್ದರಲ್ಲಿ 200ರವರೆಗಿನದು ಮುಖ್ಯ ಪಾಟ್‌ಗೆ, ಜಾಸ್ತಿ ಇದ್ದರೆ ಸೈಡ್ ಪಾಟ್‌ಗೆ.

ಟೂರ್ನಮೆಂಟ್‌ಗಳಲ್ಲಿ ಮುಂದಿನ ಕೈ, ಅಂದರೆ ಸುತ್ತು, ಶುರುವಾಗಿ ಆಟ ನಡೆದುಬಿಟ್ಟರೆ ಸಾಮಾನ್ಯವಾಗಿ ಹಳೇ ತಕರಾರು ಮುಗಿಯಿತು. ಮನೆಯಲ್ಲಿ ಅಷ್ಟು ಬಿಗಿ ಬೇಡ. ಆ ಇಬ್ಬರ ಎಲೆ ನೆನಪಿದ್ದರೆ ಅವರಲ್ಲಿ ಗೆದ್ದವರಿಗೆ ಸೈಡ್ ಪಾಟ್‌ನ 600 ವಾಪಸ್ ಕೊಡಿಸಿ. ನೆನಪಿಲ್ಲದಿದ್ದರೆ ತಲಾ 300.