ಮೀಂಡ್ ಸ್ವರಕ್ಕೆ ಮುಟ್ಟದಿದ್ದರೆ

ಆರು ವರ್ಷ ಗಿಟಾರ್ ನುಡಿಸಿದ ಕೈಗೆ ಸಿತಾರಿನ ಮೀಂಡ್ (ತಂತಿ ಎಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು) ಒಲಿಯುತ್ತಿಲ್ಲ, ಸ್ವರ ತಲುಪುವ ಮೊದಲೇ ಬೆರಳು ಕೊಯ್ಯುತ್ತದೆ ಎಂದಿರಿ. ಕಾರಣ ಬಹುತೇಕ ಎಳೆಯುವ ದಿಕ್ಕು. ಗಿಟಾರಿನಲ್ಲಿ ಸಣ್ಣ ತಂತಿಯನ್ನು ಮೇಲಕ್ಕೆ ತಳ್ಳಿ ರೂಢಿ. ಸಿತಾರಿನ ಬಾಜ್ ತಂತಿಯನ್ನು, ಅಂದರೆ ಮುಖ್ಯವಾಗಿ ನುಡಿಸುವ ತಂತಿಯನ್ನು, ನೆಲದ ಕಡೆಗೆ ಎಳೆಯಬೇಕು. ಪರದೆ (ಸ್ವರಕ್ಕಾಗಿ ತಂತಿ ಒತ್ತುವ ಲೋಹದ ಪಟ್ಟಿ, ಫ್ರೆಟ್) ಅಷ್ಟು ಅಗಲ ಇರುವುದೇ ಅದಕ್ಕೆ.

ಮೊದಲು ಶ್ರುತಿ ನೋಡಿ. ಷಡ್ಜ ಸಿ ಶಾರ್ಪ್ ಆದರೆ ಬಾಜ್ ಮಂದ್ರ (ಕೆಳ ಸಪ್ತಕದ) ಮಧ್ಯಮ, ಅಂದರೆ ಎಫ್ ಶಾರ್ಪ್. ತಂತಿ ಸುಮಾರು 0.30 ಮಿಲಿಮೀಟರಿನ ಸಾದಾ ಉಕ್ಕಿನದಿರಲಿ.

ಆಮೇಲೆ ಬೆರಳ ತುದಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ. ಬೆರಳು ಪರದೆಗೆ ಅಂಟಿದಂತೆ, ಅದರ ಹಿಂದೆಯೇ ಇರಲಿ. ರಿಷಭದ ಪರದೆ ಮೀಟಿ ಸ್ವರ ಕಿವಿಯಲ್ಲಿ ಹಿಡಿದುಕೊಳ್ಳಿ. ಈಗ ಷಡ್ಜದ ಪರದೆಯಲ್ಲಿ ಮೀಟಿ, ಅದೇ ರಿಷಭದವರೆಗೆ ನಿಧಾನ ಎಳೆಯಿರಿ. ಬರೀ ಬೆರಳಲ್ಲ, ಮಣಿಕಟ್ಟೂ ಜೊತೆಗೆ ಬರಬೇಕು. ದಿನಕ್ಕೆ ಹತ್ತು ನಿಮಿಷ ಸಾಕು. ಇದು ಸ್ಥಿರವಾದ ಮೇಲೆಯೇ ಗಾಂಧಾರಕ್ಕೆ ಹೋಗಿ. ಟ್ಯೂನರ್ ಮುಚ್ಚಿಡಿ, ತಾನ್ಪುರಾ ಆ್ಯಪ್ ಹಾಕಿಕೊಳ್ಳಿ. ಎಳೆದೆಳೆದು ತಂತಿ ಇಳಿಯುತ್ತದೆ, ಆಗ ತಂತಿಗೆ ಪೋಣಿಸಿದ ಮಣಿ ಸರಿಸಿ ಶ್ರುತಿ ಕೂಡಿಸಿ.

ಗಿಟಾರ್ ಬಿಡಬೇಕಿಲ್ಲ, ಖಂಡಿತ ಬಿಡಬೇಡಿ. ಆದರೆ ಒಂದೇ ದಿನ ಎರಡೂ ನುಡಿಸುವುದಾದರೆ ಸಿತಾರ್ ಮೊದಲು, ಬೆರಳು ದಣಿಯುವ ಮುನ್ನ.

ಇಷ್ಟಾದರೂ ನಾದ ಮೊಂಡಾಗಿ ಕೇಳಿದರೆ ಜವಾರಿ (ತಂತಿ ಕೂರುವ ಕುದುರೆಯ ಮೇಲ್ಮೈ) ಸವೆದಿರಬಹುದು. ವಾದ್ಯ ನೋಡದೆ ಖಚಿತ ಹೇಳಲಾಗದು. ಅದನ್ನು ನೀವೇ ಉಜ್ಜಲು ಹೋಗಬೇಡಿ. ನೀವು ಪುಣೆಯಿಂದ ನಿಮ್ಮ ಊರಾದ ಬೆಳಗಾವಿಗೆ ರೈಲಿನಲ್ಲಿ ಹೋಗುವಾಗ ಮಿರಜದಲ್ಲಿ ಇಳಿದು ಸಿತಾರ್ ಮಾಡುವವರಿಗೆ ತೋರಿಸಿ.