ಗಿಟಾರ್ ನೆಕ್ ಕೆತ್ತುವ ಜಿಗ್‌ಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಟೆಂಪ್ಲೇಟ್ ಅಂಟಿಸಿ, ರೌಟರ್ (ತಿರುಗುವ ಬಿಟ್‌ನಿಂದ ಮರ ಕೆತ್ತುವ ಯಂತ್ರ) ಟೇಬಲ್‌ನಲ್ಲಿ ಬೇರಿಂಗ್ ಬಿಟ್‌ನಿಂದ (ಟೆಂಪ್ಲೇಟ್ ಅಂಚಿಗೆ ಒರಗಿ ಸಾಗುವ ಗಾಲಿ ಇರುವ ಬಿಟ್) ಮೇಪಲ್ ನೆಕ್‌ನ (ಗಿಟಾರ್‌ನ ಉದ್ದ ಕುತ್ತಿಗೆ) ಅಂಚು ಹೊಡೆಯುತ್ತೇನೆ. ನೆಕ್ ಹೆಡ್‌ಸ್ಟಾಕ್‌ಗೆ (ತಂತಿ ಬಿಗಿಯುವ ಕೀಲಿಗಳಿರುವ ತಲೆಭಾಗ) ಅಗಲವಾಗುವ ತಿರುವಿನಲ್ಲಿ ಒಂದು ಬದಿ ನುಣುಪಾಗಿ ಬರುತ್ತದೆ, ಇನ್ನೊಂದು ಬದಿಯಲ್ಲಿ ಚಕ್ಕೆ ಹಾರುತ್ತದೆ. ಬಿಟ್ ಹೊಸದೇ. ಏನು ಕಾರಣ?

ಉತ್ತರ: ಒಂದೇ ಬದಿ ಕೆಡುತ್ತಿದ್ದರೆ ಮರದ ಎಳೆಯ ದಿಕ್ಕು ನೋಡಿ. ಆ ತಿರುವಿನಲ್ಲಿ ಬಿಟ್ ಅಗಲದಿಂದ ಕಿರಿದಿಗೆ ಇಳಿದರೆ ಎಳೆ ಸಲೀಸಾಗಿ ಕತ್ತರಿಸುತ್ತದೆ. ಕಿರಿದಿನಿಂದ ಅಗಲಕ್ಕೆ ಏರಿದರೆ ಎಳೆಯ ತುದಿಗೆ ಸಿಕ್ಕಿ ಸೀಳುತ್ತಾ ಹೋಗುತ್ತದೆ. ಟೇಬಲ್ ಮೇಲೆ ಮರವನ್ನು ಬಿಟ್ ತಿರುಗುವ ದಿಕ್ಕಿಗೆ ಎದುರಾಗಿಯೇ ತಳ್ಳಬೇಕಾದ್ದರಿಂದ ಒಂದು ಬದಿಗೆ ಇಳಿಜಾರು ಸಿಕ್ಕರೆ ಇನ್ನೊಂದಕ್ಕೆ ಏರು ಸಿಕ್ಕೇ ಸಿಗುತ್ತದೆ. ಮೇಲೂ ಕೆಳಗೂ ಬೇರಿಂಗ್ ಇರುವ ಬಿಟ್ ಬಳಸಿ. ಮೊದಲ ಬದಿ ಮುಗಿದ ಮೇಲೆ ಮರವನ್ನು ಟೆಂಪ್ಲೇಟ್ ಸಮೇತ ಮಗುಚಿ, ಇನ್ನೊಂದು ಬೇರಿಂಗ್ ಟೆಂಪ್ಲೇಟ್‌ಗೆ ತಾಗುವಂತೆ ಎತ್ತರ ಬದಲಿಸಿ. ಎರಡನೆಯ ಬದಿಯೂ ಇಳಿಜಾರಾಗುತ್ತದೆ. ಮಗುಚುವ ಬದಲು ಮರವನ್ನೇ ಬಿಟ್ ತಿರುಗುವ ದಿಕ್ಕಿಗೆ ತಳ್ಳಿ ನೋಡೋಣ ಎಂದುಕೊಳ್ಳಬೇಡಿ, ಬಿಟ್ ಅದನ್ನು ಕೈಯಿಂದ ಕಿತ್ತುಕೊಂಡು ಎಸೆಯುತ್ತದೆ.

ಬ್ಯಾಂಡ್ ಸಾದಲ್ಲಿ (ಪಟ್ಟಿ ಗರಗಸದ ಯಂತ್ರ) ಗೆರೆಯಿಂದ ಒಂದೂವರೆ ಮಿ.ಮೀ. ಹೊರಗೆ ಕೊಯ್ದಿಟ್ಟುಕೊಳ್ಳಿ, ನಾಲ್ಕೈದು ಮಿ.ಮೀ. ಬಿಟ್ಟರೆ ಯಾವ ಬಿಟ್ ಆದರೂ ಚಕ್ಕೆ ಎಬ್ಬಿಸುತ್ತದೆ. ಬಿಟ್‌ನ ವ್ಯಾಸ 19 ಮಿ.ಮೀ. ಅಥವಾ ಹೆಚ್ಚಿದ್ದರೆ ಒಳ್ಳೆಯದು. ಟೆಂಪ್ಲೇಟ್ 9 ಮಿ.ಮೀ. ದಪ್ಪವಿರಲಿ, ಅಂಚಿಗೆ ತೆಳು ಸೂಪರ್‌ಗ್ಲೂ ಕುಡಿಸಿ ಉಜ್ಜಿ. ಬೇರಿಂಗ್‌ಗೆ ಕಣ್ಣಿಲ್ಲ: ಟೆಂಪ್ಲೇಟ್‌ನಲ್ಲಿ ಬೆರಳಿಗೆ ತಾಗುವ ತಗ್ಗು ಮುಂದಿನ ಪ್ರತಿ ನೆಕ್‌ಗೂ ಬರುತ್ತದೆ.

ಪ್ರಶ್ನೆ: ನೆಕ್‌ನ ಬೆನ್ನಿನ ಗುಂಡು ಆಕಾರವನ್ನೂ ಜಿಗ್‌ನಲ್ಲೇ (ಮರವನ್ನು ಹಿಡಿದು ಉಪಕರಣಕ್ಕೆ ದಾರಿ ತೋರಿಸುವ ಚೌಕಟ್ಟು) ತೆಗೆಯಬಹುದೇ? ಕೈಯಲ್ಲಿ ಮಾಡಿದಾಗ ಎಡಬಲ ಒಂದೇ ಥರ ಬರುತ್ತಿಲ್ಲ.

ಉತ್ತರ: ಪೂರ್ತಿ ಆಕಾರ ಕೊಡುವ ಜಿಗ್ ಇದೆ, ಆದರೆ ಹತ್ತಿಪ್ಪತ್ತು ನೆಕ್ ಮಾಡದವರಿಗೆ ಆ ಶ್ರಮ ದಂಡ. ಜಿಗ್‌ಗೆ ದಪ್ಪ ಇಳಿಸುವ ಕೆಲಸ ಮಾತ್ರ ಕೊಡಿ, ಗುಂಡು ಮಾಡುವುದನ್ನು ಲೆಕ್ಕ ಹಾಕಿ ಕೈಯಲ್ಲೇ ಮಾಡಿ.

ಉದಾಹರಣೆಗೆ 648 ಮಿ.ಮೀ. ಸ್ಕೇಲ್‌ನ (ತಂತಿಯ ನುಡಿಯುವ ಉದ್ದ) ನೆಕ್. 6 ಮಿ.ಮೀ. ಫ್ರೆಟ್‌ಬೋರ್ಡ್ (ನೆಕ್‌ನ ಮುಖಕ್ಕೆ ಅಂಟಿಸುವ ಹಲಗೆ) ಸೇರಿ ಮೊದಲ ಫ್ರೆಟ್‌ನಲ್ಲಿ (ಆ ಹಲಗೆಯ ಮೇಲಿನ ಲೋಹದ ಅಡ್ಡಪಟ್ಟಿ) 20, 12ನೆಯದರಲ್ಲಿ 22 ಮಿ.ಮೀ. ದಪ್ಪ ಬೇಕೆನ್ನಿ. ಬೋರ್ಡ್ ಕಳೆದರೆ ಉಳಿಯುವ ಮರ 14 ಮತ್ತು 16. ಈ ಎರಡು ಫ್ರೆಟ್‌ಗಳ ನಡುವಿನ ಅಂತರ 288 ಮಿ.ಮೀ. ಬೋರ್ಡ್ ಇನ್ನೂ ಅಂಟಿಸದ ನೆಕ್‌ನ ಮುಖ ಕೆಳಗೆ ಮಾಡಿ ಸಪಾಟು ಹಲಗೆಗೆ ಕೂರಿಸಿ, ಎರಡೂ ಪಕ್ಕ ಹಳಿಯಂತೆ ಪಟ್ಟಿ ನಿಲ್ಲಿಸಿ. ಹಳಿಯ ಎತ್ತರ ಮೊದಲ ಫ್ರೆಟ್ ಬಳಿ 26, 12ನೆಯದರ ಬಳಿ 28 ಮಿ.ಮೀ. ರೌಟರ್ ಕೂತ ಹಲಗೆ ಹಳಿಯ ಮೇಲೆ ಜಾರಬೇಕು, ಬಿಟ್ ತುದಿ ಹಳಿಯ ಮೇಲ್ಮೈಗಿಂತ 12 ಮಿ.ಮೀ. ಕೆಳಗಿರಬೇಕು. ಇದು ಕೊನೆಯ ಅಳತೆ. ಒಂದು ಸಲಕ್ಕೆ 2 ಮಿ.ಮೀ.ಗಿಂತ ಹೆಚ್ಚು ತೆಗೆಯಬೇಡಿ. ಹೀಲ್ (ನೆಕ್ ಗಿಟಾರ್‌ನ ಒಡಲಿಗೆ ಸೇರುವ ತುದಿ) ಮತ್ತು ಹೆಡ್‌ಸ್ಟಾಕ್‌ಗೆ ಮುಂಚೆ ತಡೆಗಟ್ಟೆ ಮೊಳೆ ಹೊಡೆದೇ ಇಡಿ. ಗುರುತು ನೋಡಿ ನಿಲ್ಲಿಸುತ್ತೇನೆ ಎಂದವರು ಒಂದಲ್ಲ ಒಂದು ಸಲ ಹೀಲ್ ಕೆತ್ತಿರುತ್ತಾರೆ.

ಬೋರ್ಡ್ ಅಂಟಿಸಿದ ನಂತರ ಗುಂಡು ಮಾಡುವುದು. ಸಾಮಾನ್ಯ ಸಿ ಆಕಾರವನ್ನು ಅರೆ ಅಂಡಾಕಾರ ಎಂದುಕೊಂಡರೆ ಮೊದಲ 45 ಡಿಗ್ರಿ ಮೂಲೆ ಎಷ್ಟು ಕತ್ತರಿಸಬೇಕೆಂದು ಲೆಕ್ಕ ಸಿಗುತ್ತದೆ: ಅರ್ಧ ಅಗಲಕ್ಕೆ ಮರದ ದಪ್ಪ ಕೂಡಿಸಿ, ಆ ಎರಡರ ವರ್ಗಗಳ ಮೊತ್ತದ ವರ್ಗಮೂಲ ಕಳೆಯಿರಿ. ಮೊದಲ ಫ್ರೆಟ್‌ನಲ್ಲಿ ಅಗಲ 44 ಇದ್ದರೆ 22 ಕೂಡಿಸು 14, ಕಳೆ 26; ಅಂದರೆ 10 ಮಿ.ಮೀ. 12ನೆಯದರಲ್ಲಿ ಅಗಲ 52 ಇದ್ದರೆ 11.5. ಮೂಲೆಯಿಂದ ಇಷ್ಟು ದೂರದಲ್ಲಿ ಬದಿಗೂ ಬೆನ್ನಿಗೂ ಒಂದೊಂದು ಗೆರೆ ಎಳೆದು, ನಡುವಿನ ಮರವನ್ನು ರಾಸ್ಪ್‌ನಿಂದ (ಮರ ಉಜ್ಜುವ ಒರಟು ಅರ) ಸಪಾಟಾಗಿ ತೆಗೆಯಿರಿ. ಎರಡೂ ಬದಿಯ ಸಪಾಟು ಪಟ್ಟಿಗಳು ಒಂದೇ ಅಗಲ ಕಂಡರೆ ಆಕಾರ ಸಮ. ಮತ್ತೆ ಹೊಸ ಮೂಲೆಗಳನ್ನು ಮುರಿಯಿರಿ. ಪಟ್ಟಿ ಇರುವವರೆಗೂ ತಪ್ಪು ಕಣ್ಣಿಗೆ ಕಾಣುತ್ತದೆ. ಮೊದಲೇ ಗುಂಡು ಮಾಡಿದರೆ ಎಡಬಲದ ವ್ಯತ್ಯಾಸ ಮುಚ್ಚಿಹೋಗುತ್ತದೆ. ನಿಮ್ಮ ತೊಂದರೆಯ ಮೂಲ ಬಹುಶಃ ಅದೇ. ಕೊನೆಗೆ ಉದ್ದ ಪಟ್ಟಿಗೆ 80 ನಂಬರ್ ಸ್ಯಾಂಡ್‌ಪೇಪರ್ ಅಂಟಿಸಿ ಉದ್ದುದ್ದಕ್ಕೆ ಉಜ್ಜಿ, ಆಮೇಲೆ 120, 180. ಬೂಟು ಪಾಲಿಶ್ ಮಾಡುವ ಹಾಗೆ ಅಡ್ಡಡ್ಡ ಎಳೆಯುವುದೇನೋ ಹಿತ, ಆದರೆ ಅಲ್ಲಲ್ಲಿ ಹಳ್ಳ ಬೀಳುತ್ತದೆ.

ಟ್ರಸ್ ರಾಡ್ (ನೆಕ್‌ನ ಬಾಗು ಸರಿಪಡಿಸಲು ಒಳಗೆ ಕೂರಿಸುವ ಲೋಹದ ಸರಳು) ಕಾಲುವೆಯ ಆಳವನ್ನೂ ಈ ಲೆಕ್ಕಕ್ಕೆ ಸೇರಿಸಿ. ಮೊದಲ ಫ್ರೆಟ್‌ನಲ್ಲಿ 14ರಲ್ಲಿ 9 ಹೋದರೆ 5 ಮಿ.ಮೀ. ಉಳಿಯುತ್ತದೆ. 11 ಆಳ ಬೇಡುವ ರಾಡ್ ಆದರೆ ಬರೀ 3. ರಾಸ್ಪ್ ಸ್ವಲ್ಪ ಜಾರಿದರೂ ರಾಡ್ ಹೊರಗೆ ಕಾಣುತ್ತದೆ. ನೆಕ್ ದಪ್ಪ ಮಾಡಿ, ಇಲ್ಲವೇ ರಾಡ್ ಬದಲಿಸಿ.

ಪ್ರಶ್ನೆ: ಜಿಗ್‌ನಲ್ಲಿದ್ದಾಗ ನೇರವಾಗಿದ್ದ ನೆಕ್, ಕ್ಲ್ಯಾಂಪ್ ಬಿಚ್ಚಿದ ಕೂಡಲೇ ತಿರುಚಿಕೊಳ್ಳುತ್ತದೆ.

ಉತ್ತರ: ಅದು ಮೊದಲೇ ತಿರುಚಿತ್ತು, ಕ್ಲ್ಯಾಂಪ್ ಒತ್ತಿ ನೇರ ಮಾಡಿತ್ತು. ಕ್ಲ್ಯಾಂಪ್ ಇಲ್ಲದೆ ಜಿಗ್ ಮೇಲೆ ಇಟ್ಟು ಮೂಲೆಗಳನ್ನು ಬೆರಳಿನಿಂದ ಒತ್ತಿ. ಅಲುಗಾಡಿದರೆ ಮುಖಕ್ಕೆ ಮತ್ತೆ ಹತ್ತರಿ ಹೊಡೆಯಬೇಕು. ಹಾಗೆ ಮಾಡಲಾಗದಿದ್ದರೆ ಸಂದಿಗೆ ಕಾಗದದ ಚೂರು ತುಂಬಿ ಆಮೇಲೆ ಬಿಗಿಯಿರಿ. ಮುಖ ಸಪಾಟಾಗಿದ್ದೂ ತಿರುಚಿದರೆ ಮರದೊಳಗಿನ ಬಿಗಿತ ಸಡಿಲವಾಗಿದೆ ಎಂದರ್ಥ. ಕಾಲುವೆ ಕೊರೆದು, ಹೊರ ಅಂಚು ಒರಟಾಗಿ ಕೊಯ್ದು, ಎರಡೂ ಬದಿಗೆ ಗಾಳಿಯಾಡುವಂತೆ ಕೆಲವು ದಿನ ಬಿಡಿ. ಮುಖವನ್ನು ಮತ್ತೆ ಸಪಾಟು ಮಾಡಿ ಮುಂದುವರಿಯಿರಿ. ಕಾಲುವೆಯನ್ನು ಮಾತ್ರ ಮರದ ಬದಿಗಳು ಚೌಕವಾಗಿರುವಾಗಲೇ ಕೊರೆಯಿರಿ. ಬದಿ ಓರೆಯಾದ ಮೇಲೆ ರೌಟರ್‌ನ ಫೆನ್ಸ್‌ಗೆ (ಮರದ ಬದಿಗೆ ತಾಗಿ ಜಾರುವ ಪಟ್ಟಿ) ನೇರ ಆಸರೆ ಸಿಗುವುದಿಲ್ಲ.

ಪ್ರಶ್ನೆ: ಟೆಂಪ್ಲೇಟ್ ಜಾರದಂತೆ ಪಿನ್ ಎಲ್ಲಿ ಹೊಡೆಯಲಿ?

ಉತ್ತರ: ಮಧ್ಯಗೆರೆಯ ಮೇಲೆ ಬೇಡ, ಅಲ್ಲಿ ಕಾಲುವೆ ಇದೆ. ಅದರ ಪಕ್ಕದಲ್ಲಿ, ಫ್ರೆಟ್‌ಬೋರ್ಡ್ ಮುಚ್ಚುವ ಜಾಗದಲ್ಲಿ, ನಟ್ (ಹೆಡ್‌ಸ್ಟಾಕ್ ಬದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಬಳಿ ಒಂದು, ಹೀಲ್ ಬಳಿ ಒಂದು. 2 ಮಿ.ಮೀ. ಪಿನ್ ಸಾಕು.

ಪ್ರಶ್ನೆ: ಮಾದರಿ ನೆಕ್ ಮೇಲೆ ಕಡ್ಡಿ ಓಡಿಸಿ ನಕಲು ಕೆತ್ತುವ ಯಂತ್ರ ಮಾಡಿಕೊಂಡೆ. ನಕಲಿನ ಬೆನ್ನು ಪ್ರತಿ ಸಲವೂ ಅರ್ಧ ಮಿ.ಮೀ. ಉಬ್ಬು.

ಉತ್ತರ: ಕಡ್ಡಿಯ ಗುಂಡು ತುದಿಯನ್ನೂ ಬಿಟ್‌ನ ತುದಿಯನ್ನೂ ಕ್ಯಾಲಿಪರ್‌ನಲ್ಲಿ ಅಳೆಯಿರಿ. ಕಡ್ಡಿಯ ತುದಿ ಬಿಟ್‌ಗಿಂತ 1 ಮಿ.ಮೀ. ಹೆಚ್ಚು ದಪ್ಪವಿದ್ದರೆ ಇಳಿಜಾರು ಬದಿಗಳಲ್ಲಿ ಅರ್ಧ ಮಿ.ಮೀ.ವರೆಗೆ ಮರ ಉಳಿಯುತ್ತದೆ. ಸಾಣೆ ಹಿಡಿಸಿದ ಬಿಟ್ ಸಣ್ಣದಾಗಿರುವುದೂ ಉಂಟು. ಎರಡೂ ಅಳತೆ ಸರಿಯಿದ್ದರೆ ಯಂತ್ರದ ತೋಳು ಬಾಗುತ್ತಿದೆಯೇ ನೋಡಿ. ಅಂದಹಾಗೆ, ಈ ದೋಷವನ್ನೇ ಉಪಯೋಗಕ್ಕೆ ಹಚ್ಚಬಹುದು: ಮೊದಲ ಒರಟು ಸುತ್ತಿಗೆ ಕಡ್ಡಿಯ ತುದಿಗೆ ಟೇಪ್ ಸುತ್ತಿ ದಪ್ಪ ಮಾಡಿ ಕೆತ್ತಿ, ಕೊನೆಯ ಸುತ್ತಿಗೆ ಬಿಚ್ಚಿ.